ಸಂಯಮವೂ ವಯೋಧರ್ಮವೂ

ಸಂಯಮವೆಂಬುದು ವಯಸ್ಸಿನೊಡನೆ ತಾನಾಗಿ ಒದಗುವ ಗುಣವೋ, ಪ್ರಯತ್ನದಿಂದ ಗಳಿಸಬೇಕಾದ ಸಂಪತ್ತೋ? ಈ ಹಳೆಯ ಪ್ರಶ್ನೆಗೆ ಅಂತರ್ಜಾಲವು ಹೊಸ ಸಂದರ್ಭವೊಂದನ್ನು ತಂದಿತ್ತಿದೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2021ರ ಆರಂಭದಲ್ಲಿ ಆ ದೇಶದ ಸುಮಾರು 1,500 ವಯಸ್ಕರನ್ನು ವಿಚಾರಿಸಿತು. ತಾವು ಬಹುಮಟ್ಟಿಗೆ ಸದಾಕಾಲವೂ ಅಂತರ್ಜಾಲದಲ್ಲಿರುವುದಾಗಿ ಹೇಳಿದವರು ಶೇಕಡಾ 31; 2015ರಲ್ಲಿ ಅವರ ಪ್ರಮಾಣ ಶೇಕಡಾ 21 ಆಗಿತ್ತು. 18ರಿಂದ 29 ವರ್ಷದವರಲ್ಲಿ ಇದು ಶೇಕಡಾ 48, ಅರವತ್ತೈದು ತುಂಬಿದವರಲ್ಲಿ ಕೇವಲ 8.

ಈ ಅಂಕಿಗಳನ್ನು ಕಂಡೊಡನೆ ಹಿರಿಯರಾದ ನಾವು ತಲೆದೂಗಿ ತರುಣರಿಗೆ ಬುದ್ಧಿವಾದ ಹೇಳಲು ಸಿದ್ಧರಾಗುತ್ತೇವೆ. ಬುದ್ಧಿವಾದಕ್ಕೆ ಕಾಸಿನ ಖರ್ಚಿಲ್ಲವಷ್ಟೆ! ಆದರೆ ಬಯಕೆಯೇ ಹುಟ್ಟದ ವಸ್ತುವನ್ನು ಮುಟ್ಟದಿರುವುದು ತ್ಯಾಗವೆನಿಸಲಾರದು. ಸಿಹಿ ಒಗ್ಗದವನು ಹೋಳಿಗೆಯನ್ನು ಬಿಟ್ಟರೆ ಅದನ್ನು ಯಾರೂ ವ್ರತವೆಂದು ಕರೆಯುವುದಿಲ್ಲ. ನಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ ಈ ಸಾಧನ ಕೈಗೆ ಬಂದಿದ್ದರೆ ನಾವು ಹೇಗಿರುತ್ತಿದ್ದೆವೆಂಬುದನ್ನು ಎದೆ ಮುಟ್ಟಿಕೊಂಡು ಹೇಳಬಲ್ಲವರೆಷ್ಟು ಮಂದಿ?

ಇನ್ನು 30ರಿಂದ 49ರ ವಯೋಮಾನದವರು. ಅವರಲ್ಲಿಯೂ ಶೇಕಡಾ 42 ಮಂದಿ ಸದಾಕಾಲ ಅಲ್ಲಿಯೇ ಇರುವವರು. ಸಂಸಾರ, ಉದ್ಯೋಗಗಳೆರಡರ ನೊಗವನ್ನೂ ಹೊತ್ತ ವಯಸ್ಸಿದು. ಎಷ್ಟು ಬಾರಿ ಎಂಬ ಲೆಕ್ಕವು ಏತಕ್ಕಾಗಿ ಎಂಬುದನ್ನು ತಿಳಿಸುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ಮಗನು ದಾವಣಗೆರೆಯ ತಾಯಿಯ ಮುಖವನ್ನು ತೆರೆಯ ಮೇಲೆ ನೋಡುವುದೂ, ವ್ಯರ್ಥ ಜಗಳಗಳನ್ನು ನೋಡುತ್ತ ಅರ್ಧರಾತ್ರಿ ಕಳೆಯುವುದೂ ಆ ಲೆಕ್ಕಕ್ಕೆ ಒಂದೇ. ಅಲ್ಲದೆ ರಾತ್ರಿ ಹತ್ತಕ್ಕೆ ಮೇಲಧಿಕಾರಿಯ ಸಂದೇಶ ಬಂದಾಗ ಫೋನನ್ನು ತೆರೆಯುವ ನೌಕರನಲ್ಲಿ ಸಂಯಮವಿಲ್ಲವೆನ್ನುವುದು ನ್ಯಾಯವೇ? ಅಲ್ಲಿ ಸಂಯಮ ಕೆಟ್ಟಿರುವುದು ಕಳುಹಿಸಿದವನದು. ಫ್ರಾನ್ಸ್ ದೇಶವು ಇದನ್ನು ಮನಗಂಡು, ಬಿಡುವಿನ ವೇಳೆಯಲ್ಲಿ ಸಂಪರ್ಕದಿಂದ ದೂರವಿರುವ ಹಕ್ಕನ್ನು 2017ರ ಜನವರಿ 1ರಿಂದ ಕಾನೂನಿನಲ್ಲಿ ಜಾರಿಗೆ ತಂದಿತು. ಐವತ್ತು ಅಥವಾ ಅದಕ್ಕೂ ಹೆಚ್ಚು ನೌಕರರುಳ್ಳ ಸಂಸ್ಥೆಗಳು ಈ ಬಗ್ಗೆ ನೌಕರರ ಪ್ರತಿನಿಧಿಗಳೊಡನೆ ಮಾತುಕತೆ ನಡೆಸಬೇಕು.

ಕಳುಹಿಸುವವನ ಹೊಣೆಯನ್ನು ಕುರಿತು ನಾವು ಯೋಚಿಸುವುದು ಕಡಿಮೆ. ಹಾಗೆ ಯೋಚಿಸಿದರೆ ನಾವು ಹಿರಿಯರೂ ಆರೋಪಮುಕ್ತರಲ್ಲ. ನಸುಕಿನ ಐದು ಗಂಟೆಗೆ ಹತ್ತಾರು ಗುಂಪುಗಳಿಗೆ ಶುಭೋದಯದ ಹೂವಿನ ಚಿತ್ರವನ್ನು ಕಳುಹಿಸಿ, ಸೊಸೆ ಅದನ್ನು ನೋಡಿಯೂ ಉತ್ತರಿಸಲಿಲ್ಲವೆಂದು ಮುನಿಯುವ ಹಿರಿಯರಿದ್ದಾರೆ. ಅವರು ಕಳೆದದ್ದು ಎರಡೇ ನಿಮಿಷ. ಯಾವ ಸಮೀಕ್ಷೆಯೂ ಅವರನ್ನು ವ್ಯಸನಿಗಳೆನ್ನದು. ಕಚೇರಿಗೆ ಹೊರಟ ಸೊಸೆ ಮಾತ್ರ ಉತ್ತರ ಬರೆಯಲು ಮತ್ತೊಮ್ಮೆ ಫೋನನ್ನು ಕೈಗೆತ್ತಿಕೊಳ್ಳುತ್ತಾಳೆ.