ಹೆಸರನ್ನು ಕೊಳ್ಳುವ ಮುನ್ನ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಎಷ್ಟೋ ಚಹಾ, ತಿಂಡಿ, ಔಷಧಿ ಅಂಗಡಿಗಳಲ್ಲಿ ಫಲಕದ ಮೇಲಿನ ಹೆಸರು ಒಬ್ಬರದು, ಬಂಡವಾಳ ಇನ್ನೊಬ್ಬರದು. ಇದೇ ಫ್ರಾಂಚೈಸಿ ವ್ಯಾಪಾರ. ನಿಮ್ಮ ಉಳಿತಾಯವನ್ನು ಇದರಲ್ಲಿ ತೊಡಗಿಸಬಹುದೇ?

ತೊಡಗಿಸಬಹುದು. ವ್ಯಾಪಾರನಾಮವು ಬೆಲೆಯುಳ್ಳ ಹಕ್ಕೆಂದು ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯು 1988ರಲ್ಲಿ ಒಪ್ಪಿದೆ. ವ್ಯವಹಾರದಲ್ಲಿ ವಂಚನೆ, ಅಸ್ಪಷ್ಟತೆ ಇರಕೂಡದೆಂದೂ ಹೇಳಿದೆ. ಪರಿಚಿತ ಹೆಸರು, ಸರಕು, ತರಬೇತಿ ಹೊಸಬನಿಗೆ ದೊಡ್ಡ ಆಸರೆ.

ಆದರೆ ರಾಯಲ್ಟಿಯು ಸಾಮಾನ್ಯವಾಗಿ ಲಾಭದ ಮೇಲಲ್ಲ, ಮಾರಾಟದ ಮೇಲಿರುತ್ತದೆ. ದರ ಶೇ. 6 ಎಂದಿಟ್ಟುಕೊಳ್ಳಿ. 3 ಲಕ್ಷ ರೂಪಾಯಿ ಮಾರಾಟವಾಗಿ, ಬಾಡಿಗೆ, ಸಂಬಳ ಕಳೆದು ನಷ್ಟವೇ ಉಳಿದರೂ 18,000 ರೂಪಾಯಿ ಕೊಡಲೇಬೇಕು. ನಷ್ಟ ಮಾತ್ರ ನಿಮ್ಮೊಬ್ಬರದೇ. 2020ರಲ್ಲಿ ಐಟಿ ನೌಕರರು ಮನೆಯಿಂದಲೇ ದುಡಿಯತೊಡಗಿದಾಗ ಕಚೇರಿಗಳನ್ನೇ ನಂಬಿದ್ದ ಅಂಗಡಿಗಳಿಗೆ ಗಿರಾಕಿಗಳನ್ನು ತರಲು ಯಾವ ಹೆಸರಿನಿಂದಲೂ ಆಗಲಿಲ್ಲ.

ರಾಯಲ್ಟಿ ಭಾರವೆಂದು ಮಾರಾಟವನ್ನು ಮುಚ್ಚಿಟ್ಟು ಲೆಕ್ಕ ತೋರಿಸುವ ಶೋಧನೆ ಎದುರಾಗುವುದು ಇಂತಹ ದಿನಗಳಲ್ಲೇ. ಅದು ಸ್ಪಷ್ಟ ವಂಚನೆ. ಪವಿತ್ರ ಕುರ್‌ಆನಿನ ಐದನೆಯ ಅಧ್ಯಾಯ ಆರಂಭವಾಗುವುದೇ ಕರಾರುಗಳನ್ನು ಪಾಲಿಸಬೇಕೆಂಬ ಆಜ್ಞೆಯಿಂದ.

ಆದ್ದರಿಂದ ಸಹೋದರರೇ, ಸಹೋದರಿಯರೇ, ತೂಗಿ ನೋಡಬೇಕಾದದ್ದು ಸಹಿಗೆ ಮುನ್ನ. ಅದೇ ಹೆಸರಿನಲ್ಲಿ ಅಂಗಡಿ ನಡೆಸಿದವರನ್ನು, ಮುಚ್ಚಿದವರನ್ನೂ ವಿಚಾರಿಸಿರಿ. ಬಡ್ಡಿಯ ಸಾಲವಿಲ್ಲದೆ ಆ ನಷ್ಟವನ್ನು ಹೊರಬಲ್ಲಿರಾ? ನಷ್ಟದ ತಿಂಗಳಲ್ಲೂ ಸತ್ಯವಾದ ಲೆಕ್ಕ ಕೊಡಬಲ್ಲಿರಾ? ಎರಡಕ್ಕೂ ಹೌದೆಂದರೆ ಮಾತ್ರ ಸಹಿ ಹಾಕಿರಿ.