ವಿಷಾದಕ್ಕೆ ಸೂಜಿಯ ಮದ್ದು

ಪಾವಗಡದ ಶನಿಮಹಾತ್ಮನ ಗುಡಿಗೆ ಶನಿವಾರಗಳಲ್ಲಿ ಬರುವವರ ಪೈಕಿ ಮನಸ್ಸಿನ ಭಾರವನ್ನು ಹೊತ್ತು ಬರುವವರೂ ಉಂಟು. ಗ್ರಹಚಾರವೆಂದು ಅವರು ಬಗೆದುದರಲ್ಲಿ ಕೆಲವು ವೇಳೆ ಖಿನ್ನತೆಯೆಂಬ ರೋಗವೇ ಅಡಗಿರುತ್ತದೆ. ರೋಗವನ್ನು ಬೆಳೆಸುವವುಗಳಲ್ಲಿ ವಿಷಾದವೇ ಅಗ್ರವೆಂದು ಗಣಿಸಿದ ಚರಕಸಂಹಿತೆಯು ಚಿಕಿತ್ಸೆಯನ್ನು ದೈವಾಶ್ರಯ, ಯುಕ್ತ್ಯಾಶ್ರಯ, ಮನೋಜಯವೆಂದು ಮೂರಾಗಿ ವಿಂಗಡಿಸುತ್ತದೆ.

ಚೀನದೇಶದ ಸೂಜಿಚಿಕಿತ್ಸೆಯಾದ ಅಕ್ಯುಪಂಕ್ಚರು ಇವುಗಳಲ್ಲಿ ಎಲ್ಲಿ ಸೇರತಕ್ಕದ್ದು? ಗುಡಿಯಲ್ಲಿ ಹಚ್ಚಿದ ದೀಪಕ್ಕೆ ಯಾರೂ ಪ್ರಮಾಣವನ್ನು ಕೇಳುವುದಿಲ್ಲ. ಸೂಜಿಯಾದರೋ ದೇಹದ ಮೇಲೆ ಕಾರ್ಯಮಾಡುವ ಮದ್ದೆನಿಸಿಕೊಳ್ಳುತ್ತದೆ. ಆದಕಾರಣ ಅದು ಯುಕ್ತಿಯ ಪರೀಕ್ಷೆಗೆ ಒಳಪಡಲೇಬೇಕು. 2018ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶಕರು 7,104 ಜನರನ್ನೊಳಗೊಂಡ 64 ಪ್ರಯೋಗಗಳನ್ನು ತೂಗಿನೋಡಿದರು. ಸೂಜಿಯಿಲ್ಲದವರಿಗಿಂತ ಸೂಜಿ ಹಾಕಿಸಿಕೊಂಡವರಲ್ಲಿ ಕೊಂಚ ಉಪಶಮನವು ಕಂಡಿತಾದರೂ, ಸಾಕ್ಷ್ಯವು ದುರ್ಬಲವೆಂದೇ ನಿರ್ಣಯವಾಯಿತು.

ಹಾಗಾದರೆ ಸೂಜಿಯಿಂದ ನೆಮ್ಮದಿ ಪಡೆದವನನ್ನು ಹಳಿಯಬೇಕೆ? ಬೇಡ. ದೋಷವಿರುವುದು ನೆಮ್ಮದಿಯಲ್ಲಲ್ಲ, ಸಂದಿಗ್ಧವಾದುದನ್ನು ನಿಶ್ಚಿತವೆಂದು ನಂಬಿಸುವುದರಲ್ಲಿ. ವಿಷಣ್ಣನಿಗೆ ಪರರ ಮಾತನ್ನು ಒರೆಹಚ್ಚಿ ನೋಡುವ ತ್ರಾಣವಿರುವುದಿಲ್ಲ. ಆದುದರಿಂದಲೇ ಅವನಿಗೆ ಮಾತು ಕೊಡುವವನ ಹೊಣೆಯು ಇಮ್ಮಡಿಯಾಗುತ್ತದೆ. ಔಷಧದೊಡನೆ ನಡೆಯುವ ಸೂಜಿಯನ್ನು ಸಹಿಸಬಹುದು. ಔಷಧವನ್ನು ಬಿಡಿಸುವ ಸೂಜಿಯು ಪ್ರಾಣಕ್ಕೇ ಎರವಾದೀತು. ಮನೆಯವರು ಅವನ ಕೈಹಿಡಿದು ಗುಡಿಗೂ ಹೋಗಲಿ, ವೈದ್ಯರಲ್ಲಿಗೂ ಹೋಗಲಿ. ಒಂದನ್ನು ಇನ್ನೊಂದೆಂದು ಹೇಳದಿದ್ದರೆ ಸಾಕು.