ಅಂತರ್ಜಾಲದ ಪಂಕ್ತಿಭೇದ

2025ರ ನವೆಂಬರ್‌ನಲ್ಲಿ ಎಕ್ಸ್ (ಹಿಂದಿನ ಟ್ವಿಟರ್) ಜಾಲತಾಣ ತನ್ನ ಪ್ರತಿ ಖಾತೆಯ ವಿವರದಲ್ಲೂ ಅದು ಯಾವ ದೇಶದಿಂದ ನಡೆಯುತ್ತಿದೆ ಎಂದು ತೋರಿಸತೊಡಗಿತು. ಇರಾನಿನಲ್ಲಿ ಅದರಿಂದ ಎದ್ದ ಗದ್ದಲವೇ ಬೇರೆ. 2009ರ ಚುನಾವಣೆಯ ಪ್ರತಿಭಟನೆಗಳ ಕಾಲದಿಂದ ಅಲ್ಲಿ ಟ್ವಿಟರ್‌ಗೆ ನಿರ್ಬಂಧವಿದೆ. ಸಾಮಾನ್ಯ ಪ್ರಜೆ ಆ ತಾಣಕ್ಕೆ ಹೋಗಬೇಕಾದರೆ, ಹೊರದೇಶದ ಮೂಲಕ ಹಾಯಿಸುವ ವಿಪಿಎನ್ ಹಾಕಿಕೊಳ್ಳಲೇಬೇಕು. ಹಾಗೆ ಹೋದವನ ಖಾತೆಯಲ್ಲಿ ಜರ್ಮನಿಯೋ ನೆದರ್ಲೆಂಡ್ಸೋ ಕಾಣುತ್ತದೆಯೇ ಹೊರತು ಇರಾನ್ ಅಲ್ಲ. ಆದರೆ ಕೆಲವು ಮಂತ್ರಿಗಳು, ರಾಜಕಾರಣಿಗಳು, ಪತ್ರಕರ್ತರ ಖಾತೆಗಳಲ್ಲಿ ನೇರವಾಗಿ ‘ಇರಾನ್’ ಎಂದೇ ಇತ್ತು. ಅಂದರೆ ಅವರ ಫೋನುಗಳಿಗೆ ಯಾವ ತಡೆಯೂ ಇರಲಿಲ್ಲ. ಇಂಥ ಸಂಪರ್ಕಕ್ಕೆ ಅಲ್ಲಿನ ಜನ ‘ಬಿಳಿ ಸಿಮ್’ ಎನ್ನುತ್ತಾರೆ. ನಿರ್ಬಂಧ ಬೇಕೇಬೇಕು ಎಂದು ವಾದಿಸುತ್ತಿದ್ದವರೂ ಆ ಸಾಲಿನಲ್ಲಿದ್ದರು.

ಉಳಿದವರ ಪಾಡೇನು? ಟೆಲಿಗ್ರಾಂ 2018ರಲ್ಲಿ ಹೋಯಿತು. ಮಹ್ಸಾ ಅಮಿನಿ ಎಂಬ ಯುವತಿ ಪೊಲೀಸರ ವಶದಲ್ಲಿ ಸತ್ತ ನಂತರ ಜನ ಬೀದಿಗಿಳಿದಾಗ, 2022ರ ಸೆಪ್ಟೆಂಬರ್‌ನಲ್ಲಿ, ಇನ್‌ಸ್ಟಾಗ್ರಾಂ ಮತ್ತು ವಾಟ್ಸ್ಆ್ಯಪ್ ಹೋದವು. ವಾಟ್ಸ್ಆ್ಯಪ್ ಮರಳಿ ಸಿಕ್ಕಿದ್ದು 2024ರ ಕೊನೆಗೆ. ಇನ್‌ಸ್ಟಾಗ್ರಾಂ ಅಲ್ಲಿ ಬರೀ ಮೋಜಿನ ತಾಣವಲ್ಲ. ಮನೆಯಲ್ಲೇ ಬಟ್ಟೆ ಹೊಲಿದು, ತಿಂಡಿ ಮಾಡಿ ಮಾರುವ ಎಷ್ಟೋ ಹೆಣ್ಣುಮಕ್ಕಳ ಅಂಗಡಿಯೂ ಹೌದು. ಗಿರಾಕಿಗೆ ಫೋಟೊ ಕಳಿಸಲು ಅವರು ವಿಪಿಎನ್ ಆನ್ ಮಾಡಬೇಕು. ದುಡ್ಡು ಜಮೆಯಾಯಿತೇ ಎಂದು ನೋಡಲು ಆಫ್ ಮಾಡಬೇಕು. ವಿಪಿಎನ್ ಹಾಕಿದ ಫೋನನ್ನು ಹೊರದೇಶದ್ದೆಂದು ಬಗೆದು ಬ್ಯಾಂಕಿನ ಆ್ಯಪ್ ತೆರೆದುಕೊಳ್ಳುವುದಿಲ್ಲ. ಗಿರಾಕಿಗೆ ಉತ್ತರಿಸಲು ಮತ್ತೆ ಆನ್. ನಿನ್ನೆ ನಡೆದ ವಿಪಿಎನ್ ಇಂದು ಕೈಕೊಟ್ಟರೆ ಇನ್ನೊಂದಕ್ಕೆ ದುಡ್ಡು ತೆರಬೇಕು. ದುಡ್ಡಿಲ್ಲದವರು ಬಿಟ್ಟಿ ಸಿಕ್ಕಿದ್ದನ್ನು ಹಾಕಿಕೊಂಡು, ಫೋನಿನೊಳಗೆ ಯಾರು ಇಣುಕುತ್ತಿದ್ದಾರೋ ಎಂಬ ಅಳುಕಿನಲ್ಲೇ ಇರಬೇಕು. ಹೀಗೆ ಒಂದೇ ನಿಷೇಧ ಒಬ್ಬನಿಗೆ ತಗಲುವುದೇ ಇಲ್ಲ, ಇನ್ನೊಬ್ಬನ ಜೇಬು ಕತ್ತರಿಸುತ್ತದೆ, ಮತ್ತೊಬ್ಬನ ಹೊಟ್ಟೆಯ ಮೇಲೆ ಹೊಡೆಯುತ್ತದೆ.

ಪಂಕ್ತಿಭೇದ ನಮಗೆ ಹೊಸತಲ್ಲ. ಒಳಗಿನ ಪಂಕ್ತಿಗೆ ಒಂದು ಊಟ, ಹೊರಗಿನ ಪಂಕ್ತಿಗೆ ಇನ್ನೊಂದು. ಆದರೆ ಅಲ್ಲಿ ಭೇದ ಎದುರಿಗೇ ಕಾಣುತ್ತಿತ್ತು, ಆದ್ದರಿಂದ ಜಗಳ ತೆಗೆಯಲು ದಾರಿಯಿತ್ತು. ಇಲ್ಲಿ ಒಳಪಂಕ್ತಿಯಲ್ಲಿ ಯಾರು ಕೂತಿದ್ದಾರೆ ಎಂಬುದು ಒಂದು ಜಾಲತಾಣ ತನ್ನ ಕಾರಣಕ್ಕೆ ಮಾಡಿದ ಬದಲಾವಣೆಯಿಂದ ಬಯಲಾಯಿತು.

ಇಂಥ ವಿನಾಯಿತಿಯನ್ನು ನಿಷೇಧದಲ್ಲಿ ಬಿಟ್ಟ ಸಡಿಲಿಕೆ ಎಂದು ತಿಳಿಯುವವರಿದ್ದಾರೆ. ನನಗೆ ಅದು ನಿಷೇಧದ ಊರುಗೋಲಾಗಿಯೇ ಕಾಣುತ್ತದೆ. ಅಧಿಕಾರಿ, ಪ್ರಾಧ್ಯಾಪಕ, ದೊಡ್ಡ ವ್ಯಾಪಾರಿ, ಪತ್ರಕರ್ತ ಎಲ್ಲರಿಗೂ ಜಾಲ ಒಂದೇ ಸಮನೆ ಕೈಕೊಟ್ಟರೆ ನಿಷೇಧ ಎಷ್ಟು ದಿನ ನಿಂತೀತು? ಯಾರ ದನಿ ಮೇಲಿನವರ ಕಿವಿಗೆ ಬೀಳುತ್ತದೋ ಅವರಿಗೆ ಕೊರತೆಯೇ ತಟ್ಟದಂತೆ ನೋಡಿಕೊಂಡರೆ, ಉಳಿದವರ ಗೊಣಗಾಟ ಗೊಣಗಾಟವಾಗಿಯೇ ಉಳಿಯುತ್ತದೆ. ಕೃಪೆಯಿಂದ ಸಿಕ್ಕಿದ್ದನ್ನು ಕೃಪೆ ತಪ್ಪಿದೊಡನೆ ಕಿತ್ತುಕೊಳ್ಳಲೂಬಹುದು. ಇದು ಗೊತ್ತಿರುವ ಲೇಖನಿ ಯಾರೂ ಹೇಳದೆಯೇ ಮೆತ್ತಗಾಗುತ್ತದೆ.

ಇದು ದೂರದ ದೇಶದ ಕಥೆ ಎಂದು ನಾವು ನೆಮ್ಮದಿಯ ನಿಟ್ಟುಸಿರು ಬಿಡುವಂತಿಲ್ಲ. 2019ರ ಆಗಸ್ಟ್‌ನಲ್ಲಿ ಕಾಶ್ಮೀರದಲ್ಲಿ ಅಂತರ್ಜಾಲ ಸ್ಥಗಿತವಾದಾಗ ಶ್ರೀನಗರದಲ್ಲಿ ಸರ್ಕಾರ ಪತ್ರಕರ್ತರಿಗೆಂದು ಒಂದು ಮಾಧ್ಯಮ ಕೇಂದ್ರ ತೆರೆಯಿತು. ಅಲ್ಲಿನ ಕೆಲವೇ ಕಂಪ್ಯೂಟರುಗಳ ಮುಂದೆ ವರದಿಗಾರರು ಸರದಿ ಕಾಯುತ್ತಿದ್ದರು. ಉಳಿದವರು ಅರ್ಜಿ ತುಂಬಲು, ಇಮೇಲ್ ನೋಡಲು ರೈಲು ಹತ್ತಿ, ಅಂತರ್ಜಾಲ ಸಿಗುತ್ತಿದ್ದ ಬನಿಹಾಲ್‌ಗೆ ಹೋಗಬೇಕಾಯಿತು. 2020ರ ಜನವರಿಯಲ್ಲಿ ಸರ್ಕಾರ ಒಪ್ಪಿದ ತಾಣಗಳಿಗಷ್ಟೇ 2ಜಿ ಬಂತು. 4ಜಿ ಮರಳಿದ್ದು 2021ರ ಫೆಬ್ರವರಿಯಲ್ಲಿ.

ಹಾಗಾದರೆ ವಿನಾಯಿತಿ ಪಡೆದವನು ತಪ್ಪಿತಸ್ಥನೇ? ವರದಿಗಾರನಿಗೆ ಹೊರಗಿನ ಸುದ್ದಿ ಬೇಕು, ವೈದ್ಯನಿಗೆ ಹೊಸ ಸಂಶೋಧನೆ ಬೇಕು. ಅವರು ಬೇಡವೆಂದರೆ ರೋಗಿಗೇನು ಲಾಭ? ಬಿಳಿ ಸಿಮ್‌ನ ಗುಟ್ಟು ಇರಾನಿನಲ್ಲಿ ರಟ್ಟಾದಾಗ, ತಮ್ಮ ಸಂಪರ್ಕವನ್ನೂ ಎಲ್ಲರಂತೆಯೇ ಮಾಡಿ ಎಂದು ಕೇಳಿದ ಪತ್ರಕರ್ತರೂ ಇದ್ದರು. ಬಿಳಿ ಸಿಮ್‌ಗಳನ್ನು ಕಪ್ಪಾಗಿಸಲು ಹೇಳಿದ್ದೇನೆ, ಜನರ ಪಾಡು ಅವನ್ನು ಇಟ್ಟುಕೊಂಡವರಿಗೂ ತಿಳಿಯಲಿ ಎಂಬರ್ಥದ ಮಾತನ್ನು ಅಧ್ಯಕ್ಷ ಮಸೂದ್ ಪೆಜೆಶ್ಕಿಯಾನ್ ಆಡಿದರು. ನಿರ್ಬಂಧ ತೆಗೆಯುವ ಭರವಸೆ ಕೊಟ್ಟು 2024ರಲ್ಲಿ ಗೆದ್ದವರು ಅವರು. ಎಲ್ಲರಿಗೂ ಕತ್ತಲನ್ನು ಸಮನಾಗಿ ಹಂಚಿದರೆ ನ್ಯಾಯವಾಗದು, ನಿಜ. ಆದರೆ ಆ ಮಾತಿನಲ್ಲಿ ಒಂದು ವಿವೇಕವಿದೆ: ಕತ್ತಲಲ್ಲಿ ತಾನೂ ಎಡವಿದವನಿಗೇ ದೀಪದ ತುರ್ತು ಗೊತ್ತಾಗುವುದು.

ಜನರನ್ನು ಕೆಡಿಸುತ್ತದೆ ಎಂದು ಮುಚ್ಚಿದ್ದನ್ನು ಮುಚ್ಚಿದವರೇ ತಮಗಾಗಿ ತೆರೆದಿಟ್ಟುಕೊಂಡರೆ, ಅವರ ಭಯ ಆ ತಾಣದ ಬಗ್ಗೆ ಅಲ್ಲ, ಜನರ ಬಗ್ಗೆ ಎಂದು ಅವರೇ ಒಪ್ಪಿಕೊಂಡಂತಾಯಿತು. ಇನ್ನು ಒಳಪಂಕ್ತಿಯ ಸಜ್ಜನರ ಮಾತು. ಅವರು ಎಲೆ ಬಿಟ್ಟು ಏಳಬೇಕೆಂದು ನಾನು ಹೇಳಲಾರೆ. ತಮಗೆ ಸಿಕ್ಕಿದೆ ಎಂಬುದನ್ನು ಬಚ್ಚಿಡದೆ, ಹೊರಗಿರುವವರಿಗೂ ಬಡಿಸಿ ಎಂದು ಕೂತಲ್ಲಿಂದಲೇ ಗಟ್ಟಿಯಾಗಿ ಕೇಳಬಹುದಲ್ಲ? ಹಾಗೆ ಕೇಳಿದರೆ ತಮ್ಮದೂ ಹೋಗಬಹುದು. ಆ ನಷ್ಟಕ್ಕೆ ತಯಾರಿಲ್ಲದ ಮರುಕದಿಂದ ಹೊರಗಿನವನ ಪಾಲಿಗೆ ಏನೂ ಬಂದಂತಾಗುವುದಿಲ್ಲ.